ಅರಸೀಕೆರೆಯ ಜಪಾನಿ ಆನೆ

ಜಪಾನಿನ ಹಳೇ ಕಾರ್ಟೂನು ದೊಡ್ಡದೋ ಹೊಸದು ದೊಡ್ಡದೋ ಎಂದು ನಮ್ಮ ಮನೆಯಲ್ಲಿ ಜಗಳವಾದಾಗಲೆಲ್ಲ ಗೆದ್ದವಳು ನಾನೇ. ನನ್ನ ಮಾತಿನಲ್ಲಿ ಸತ್ಯವಿತ್ತು ಎನ್ನುವುದು ಒಂದು ಕಾರಣ, ನನ್ನ ಗಂಟಲು ರವಿಕುಮಾರನ ಗಂಟಲಿಗಿಂತ ದೊಡ್ಡದು ಎನ್ನುವುದು ಇನ್ನೊಂದು. ರವಿ ನನ್ನ ತಮ್ಮ. ನನಗಿಂತ ಒಂದೇ ವರ್ಷಕ್ಕೆ ಚಿಕ್ಕವನಾದ್ದರಿಂದ ಅಕ್ಕ ಎನ್ನುವ ಪದ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಸಿಟ್ಟಿಲ್ಲದಾಗ ಹೆಸರು ಹಿಡಿದು ಇಂದು ಎನ್ನುತ್ತಾನೆ, ಸಿಟ್ಟು ಬಂದರೆ ನನ್ನ ಮೈ ನೋಡಿ ಆನೆ ಎನ್ನುತ್ತಾನೆ. ದಿನದಲ್ಲಿ ಹೆಚ್ಚು ಹೊತ್ತು ನಾನು ಆನೆಯೇ.

ಆ ಹಳೇ ಧಾರಾವಾಹಿ ಅರಸೀಕೆರೆಗೆ ಬಂದದ್ದು ಚಿಕ್ಕಪ್ಪನ ಭಕ್ತಿಯಿಂದ. ಚಿಕ್ಕಪ್ಪ ಉಗ್ರಪ್ಪ ನಮ್ಮ ಊರಿನ ಬೌದ್ಧ ಸಂಘದ ಕಾರ್ಯದರ್ಶಿ. ತೊಂಬತ್ತೆಂಟನೇ ಇಸವಿಯಲ್ಲಿ ಅವರು ಬೆಂಗಳೂರಿಗೆ ಹೋದಾಗ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪೆಟ್ಟಿಗೆ ವಿಡಿಯೊ ಕ್ಯಾಸೆಟ್ಟು ಕಣ್ಣಿಗೆ ಬಿತ್ತು. ಮೇಲೆ ತಲೆ ಬೋಳಿಸಿದ ಭಿಕ್ಷುವಿನ ಚಿತ್ರ, ಕಾಲ ಬಳಿ ತಾವರೆ, ಅಕ್ಷರವೆಲ್ಲ ಜಪಾನಿ. ಬುದ್ಧನ ಚರಿತ್ರೆಯೇ ಕೈಗೆ ಸಿಕ್ಕಿತೆಂದು ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಬುದ್ಧ ಪೂರ್ಣಿಮೆಯ ದಿನ ಊರವರನ್ನು ಕೂರಿಸಿ, ಊದುಬತ್ತಿ ಹಚ್ಚಿ, ಕ್ಯಾಸೆಟ್ಟು ಹಾಕಿಸಿದರು. ಮೊದಲ ಭಾಗಕ್ಕೆ ಬೂಷ್ಟು ಹಿಡಿದು ಬರೀ ಗೆರೆಗಳು ಓಡಿದವು. ಆಮೇಲೆ ಚಿತ್ರ ಮೂಡಿತು. ಅದು ಕಾರ್ಟೂನು. ಅದರಲ್ಲಿದ್ದ ಭಿಕ್ಷು ಬಂದವನೇ ದೊಣ್ಣೆ ಎತ್ತಿ ಎದುರಿಗಿದ್ದವರ ತಲೆ ಒಡೆಯತೊಡಗಿದ. ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದ ಮುತ್ತಜ್ಜಿ, "ಇದ್ಯಾವ ಬುದ್ಧನೋ ಉಗ್ರಪ್ಪ?" ಎಂದು ಕೇಳಿದರಂತೆ. ಚಿಕ್ಕಪ್ಪ ಇವತ್ತಿಗೂ ಆ ದಿನದ ಮಾತೆತ್ತಿದರೆ ಎದ್ದು ಹೋಗುತ್ತಾರೆ.

ಹಿರಿಯರು ಬೈದುಕೊಂಡು ಹೊರಟರೂ ಮಕ್ಕಳು ಯಾರೂ ಕದಲಲಿಲ್ಲ. ಕೇಬಲ್ ನಡೆಸುತ್ತಿದ್ದ ಷಡಕ್ಷರಪ್ಪನವರು ಅದನ್ನು ಗಮನಿಸಿದರು. ಊರಿನ ಮದುವೆ, ಸನ್ಮಾನಗಳನ್ನು ತೋರಿಸುವ ಲೋಕಲ್ ಚಾನೆಲ್ ಒಂದು ಅವರಿಗಿತ್ತು. ಅದರಲ್ಲಿ ಭಾನುವಾರ ಸಂಜೆ ಇದನ್ನು ಹಾಕುತ್ತೇನೆ, ಆದರೆ ಭಾಷೆ ಯಾರಿಗೂ ತಿಳಿಯದು, ಯಾರಾದರೂ ಕನ್ನಡದಲ್ಲಿ ಹೇಳಬೇಕು ಎಂದರು. ಚಿಕ್ಕಪ್ಪನ ಹೆಂಡತಿ ಯಶೋಧರಾ ಚಿಕ್ಕಮ್ಮ ಪಕ್ಕದ ಗಂಡಸಿ ಊರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಮಗ್ಗಿ ಹೇಳಿಸಿದರೂ ಕಥೆ ಕೇಳಿದಂತಿರುತ್ತದೆ ಎಂದು ಹೆಸರು ಮಾಡಿದವರು. ಅವರೇ ಮೈಕಿನ ಮುಂದೆ ಕೂತರು.

ಜಪಾನಿ ಭಾಷೆಯಲ್ಲಿ ಚಿಕ್ಕಮ್ಮನಿಗೂ ಒಂದಕ್ಷರ ಬರುತ್ತಿರಲಿಲ್ಲ. ಚಿತ್ರ ನೋಡುವುದು, ಕಥೆ ಕಟ್ಟುವುದು, ಅಷ್ಟೇ. ಒಂದು ಪದ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕಥೆಯ ಹುಡುಗ ಹೊಳೆಯ ದಂಡೆಯಲ್ಲಿ, ಬಿದಿರ ಮೆಳೆಯಲ್ಲಿ, ಹಿಮ ಬಿದ್ದ ಗುಡ್ಡದಲ್ಲಿ ಓಡುತ್ತ ಓಡುತ್ತ, ಎದೆ ಬಿರಿಯುವ ಹಾಗೆ, "ಆನೆಯೇ! ಆನೆಯೇ!" ಎಂದು ಕೂಗುತ್ತಿದ್ದ. ಇಷ್ಟು ಶುದ್ಧ ಕನ್ನಡವನ್ನು ಯಾರು ತಾನೇ ಅನುಮಾನಿಸುತ್ತಾರೆ? ಚಿಕ್ಕಮ್ಮ ಅವನಿಗೆ ಕೆಂಚ ಎಂದು ಹೆಸರಿಟ್ಟರು. ಕೆಂಚ ಸಾಕಿದ ಆನೆಯನ್ನು ಪಾಳೇಗಾರನ ಕಡೆಯವರು ಹೊಡೆದುಕೊಂಡು ಹೋಗಿದ್ದಾರೆ, ಅವನು ಅದನ್ನು ಹುಡುಕುತ್ತ ದೇಶ ಅಲೆಯುತ್ತಿದ್ದಾನೆ. ಅದೇ ಕಥೆ.

ಆನೆ ಒಮ್ಮೆಯೂ ತೆರೆಯ ಮೇಲೆ ಬರಲಿಲ್ಲ. ಮುರಿದ ಬಿದಿರು ಕಂಡರೆ, "ನೋಡಿ ಮಕ್ಕಳೇ, ಈಗಷ್ಟೇ ಈ ದಾರೀಲಿ ಹೋಗಿದೆ" ಎನ್ನುತ್ತಿದ್ದರು ಚಿಕ್ಕಮ್ಮ. ಕೆರೆಯ ನೀರು ಅಲುಗಾಡಿದರೆ, "ಸ್ನಾನ ಮಾಡಿ ಎದ್ದು ಹೋಗಿದೆ" ಎನ್ನುತ್ತಿದ್ದರು. ನಾವು ಉಸಿರು ಬಿಗಿಹಿಡಿದು ಆ ನೀರನ್ನೇ ನೋಡುತ್ತಿದ್ದೆವು. ನಾನು ಮೃಗಾಲಯದಲ್ಲಿ ಆನೆ ನೋಡಿದ್ದೇನೆ, ದಸರೆಯಲ್ಲಿ ನೋಡಿದ್ದೇನೆ. ಕೆಂಚನ ಆನೆಯಷ್ಟು ಚೆಂದದ ಆನೆಯನ್ನು ಇನ್ನೂ ನೋಡಿಲ್ಲ.

ಕೊನೆಯ ಕ್ಯಾಸೆಟ್ಟು ಮಾತ್ರ ಊರಿಗೆಲ್ಲ ಬೇಸರ ತರಿಸಿತು. ಕೆಂಚ ಒಂದು ಹೊಳೆಯ ಬಳಿ ಬರುತ್ತಾನೆ. ಅಲ್ಲೊಬ್ಬ ಹೆಂಗಸು ಬಟ್ಟೆ ಒಗೆಯುತ್ತಿರುತ್ತಾಳೆ. ಅವನು ಆನೆಯೇ ಎಂದು ಕೂಗುತ್ತಾನೆ, ಅವಳು ತಿರುಗಿ ನೋಡುತ್ತಾಳೆ, ಇಬ್ಬರೂ ಅಳುತ್ತಾರೆ, ಮುಗಿಯಿತು. ಇವನ ಕಷ್ಟ ಕೇಳಿ ಆ ತಾಯಿಗೂ ಅಳು ಬಂತು ಎಂದು ಚಿಕ್ಕಮ್ಮ ಹೇಗೋ ಮುಗಿಸಿದರು. ಆನೆ ಸಿಗಲಿಲ್ಲವಲ್ಲ ಎಂದು ಮಕ್ಕಳು ವಾರಗಟ್ಟಲೆ ರಾಗ ತೆಗೆದರು. ಆದರೂ ಭಾನುವಾರದ ಸಂಜೆ ಅಂದಿನಿಂದ ಚಿಕ್ಕಮ್ಮನದಾಯಿತು. ಸಿಕ್ಕ ಕ್ಯಾಸೆಟ್ಟಿಗೆಲ್ಲ ಅವರು ಕಥೆ ಹೇಳಿದರು. ಊರಿನಲ್ಲಿ ಅವರ ಹೆಸರು ಟಿವಿ ಟೀಚರ್ ಎಂದೇ ಆಗಿಹೋಯಿತು.

ಎರಡು ಸಾವಿರದ ಆರು ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಡಿಶ್ಶಿನಲ್ಲಿ ಮಕ್ಕಳ ಚಾನೆಲ್ಲುಗಳು ಬಂದವು, ಅವುಗಳಲ್ಲಿ ಜಪಾನಿನ ಹೊಸ ಧಾರಾವಾಹಿಗಳು. ರವಿ ಆಗ ಅರಸೀಕೆರೆ ಸ್ಟೇಷನ್ನಿನಿಂದ ಬೇಲೂರು, ಹಳೇಬೀಡಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಕಾರು ಓಡಿಸುತ್ತಿದ್ದ. ಒಬ್ಬ ಪ್ರವಾಸಿ ಹುಡುಗನ ಕೈಯಿಂದ ಅವನು ಒಂದು ಹೊಸ ಧಾರಾವಾಹಿಯ ಸಿಡಿಗಳನ್ನು ಸಂಪಾದಿಸಿದ. ಕತ್ತಿ ಹಿಡಿದ ಹುಡುಗಿಯೊಬ್ಬಳ ಕಥೆ. ಅಂದಿನಿಂದ ಅವನಿಗೆ ನೆಲ ಕಾಣಲಿಲ್ಲ.

"ಏನ್ ಬಣ್ಣ, ಏನ್ ಸ್ಪೀಡು! ನಿನ್ನ ಕೆಂಚ ಒಂದು ಗುಡ್ಡ ಹತ್ತೋ ಹೊತ್ತಿಗೆ ಇವಳು ಒಂದು ಸೈನ್ಯನೇ ಮುಗಿಸ್ತಾಳೆ ಕಣೇ" ಎಂದ.

"ಅದೇ ನನ್ನ ತಕರಾರು. ಉಸಿರಾಡೋಕೂ ಬಿಡಲ್ಲ. ಕತ್ತಿ ಬೀಸೋ ಮುಂಚೆ ಯಾಕೆ ಬೀಸ್ತೀನಿ ಅಂತ ಭಾಷಣ, ಬೀಸಿದ್ಮೇಲೆ ಹೆಂಗೆ ಬೀಸ್ದೆ ಅಂತ ಭಾಷಣ. ಹಳೇದ್ರಲ್ಲಿ ಒಂದು ಎಲೆ ಬಿದ್ರೆ ಸಾಕಾಗಿತ್ತು."

"ಹಳೇದ್ರಲ್ಲಿ ಹೆಂಗಸರು ಬಟ್ಟೆ ಒಗೀತಿದ್ರು. ಇದ್ರಲ್ಲಿ ಹುಡುಗಿ ಯುದ್ಧ ಮಾಡ್ತಾಳೆ. ಹೆಣ್ಮಗಳಾಗಿ ನಿಂಗೆ ಅದೂ ಬೇಡ್ವಾ?"

ಈ ಪೆಟ್ಟು ನನಗೆ ತಾಗಿತು. ತಾಗಿದ್ದನ್ನು ತೋರಿಸಿಕೊಳ್ಳಲಿಲ್ಲ.

"ಇನ್ನೊಂದು ಮಾತು ಹೇಳ್ತೀನಿ ಕೇಳು. ನಿನ್ನ ಹಳೇದಕ್ಕೆ ಕೊನೆನೇ ಇಲ್ಲ. ಅಷ್ಟು ದಿನ ಅಲೆದಾಡಿಸಿ, ಆನೆ ಸಿಗಲಿಲ್ಲ ಅಂತ ಕೈ ಎತ್ತಿಬಿಟ್ರು. ಅದು ಚೆನ್ನಾಗಿದ್ದಿದ್ದಲ್ಲ, ಚಿಕ್ಕಮ್ಮ ಚೆನ್ನಾಗಿ ಹೇಳಿದ್ದು" ಎಂದ ರವಿ.

ಅವನು ಇಷ್ಟಕ್ಕೇ ಸುಮ್ಮನಾಗದೆ ಷಡಕ್ಷರಪ್ಪನವರ ಕಿವಿಯಲ್ಲೂ ಊದಿದ. ಅವರಿಗೂ ಚಿಂತೆ ಇತ್ತು. ಭಾನುವಾರ ಸಂಜೆ ಲೋಕಲ್ ಚಾನೆಲ್ ನೋಡುವವರು ಕಡಿಮೆಯಾಗುತ್ತಿದ್ದರು. ಅವರು ಮನೆಗೇ ಬಂದು, ಸಂಕೋಚದಿಂದಲೇ ಹೇಳಿದರು: "ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಈ ಭಾನುವಾರ ನಿಮ್ಮ ಆನೆ ಕಥೆಯ ಕೊನೇ ಕ್ಯಾಸೆಟ್ಟು ಹಾಕಣ, ಮುಂದಿನ ಭಾನುವಾರ ರವಿಯ ಹೊಸದು. ಮುಗಿದ ತಕ್ಷಣ ಜನ ಆಫೀಸಿಗೆ ಫೋನ್ ಮಾಡಿ ವೋಟು ಹಾಕ್ಲಿ. ಯಾವುದಕ್ಕೆ ಜಾಸ್ತಿ ಬೀಳುತ್ತೋ ಅದಕ್ಕೆ ಆ ಟೈಮು." ಹೊಸದಕ್ಕೆ ಹೇಳುವವರು ಬೇಕಿರಲಿಲ್ಲ. ಈಗಿನ ಹುಡುಗರು ಕೆಳಗೆ ಬರುವ ಇಂಗ್ಲಿಷ್ ಓದಿಕೊಳ್ಳುತ್ತಾರೆ ಎಂದು ರವಿಯೇ ಹೇಳಿಬಿಟ್ಟಿದ್ದ.

ಚಿಕ್ಕಮ್ಮ "ಆಗಲಿ" ಎಂದು ಕಾಫಿ ಕೊಟ್ಟು ಕಳಿಸಿದರು. ಅವರು ಒಳಗೆ ಹೋಗಿ ಲೋಟ ತೊಳೆಯುತ್ತ ನಿಂತದ್ದು ಬಹಳ ಹೊತ್ತಾಯಿತು. ವಾರವೆಲ್ಲ ಗಂಡಸಿಯ ಬಸ್ಸು, ಹಾಜರಿ, ಬಿಸಿಯೂಟ, ಮಕ್ಕಳ ಗಣತಿ. ಆ ಮೈಕಿನ ಮುಂದೆ ಕೂತಾಗ ಮಾತ್ರ ಅವರು ಯಶೋಧರಾ ಆಗಿರುತ್ತಿದ್ದರು. ಅದು ಕೈಬಿಟ್ಟರೆ ಅವರು ಬಾಡಿಹೋಗುತ್ತಾರೆಂದು ನನಗೆ ಗೊತ್ತಿತ್ತು. ರವಿಯ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಅವನ ತಟ್ಟೆಗೆ ಮುದ್ದೆ ಹಾಕದೆ ಎದ್ದು ಹೋದೆ.

ಶನಿವಾರ ಮಧ್ಯಾಹ್ನ ಚಿಕ್ಕಮ್ಮನೇ ರವಿಯನ್ನು ಕರೆದರು. "ನಿನ್ನ ಹೊಸದನ್ನ ಒಂದ್ಸಲ ಹಾಕೋ. ಏನೂಂತ ನಾನೂ ನೋಡ್ಬೇಡ್ವಾ?" ಎಂದರು. ನಾನು ಮೂತಿ ತಿರುಗಿಸಿಕೊಂಡೇ ಕೂತೆ. ಸತ್ಯ ಹೇಳಬೇಕೆಂದರೆ ಚಿತ್ರ ಚೆನ್ನಾಗಿತ್ತು. ಮಳೆಯ ಒಂದೊಂದು ಹನಿಯೂ ಕಾಣುತ್ತಿತ್ತು. ಆ ಹುಡುಗಿ ಕತ್ತಿ ಹಿಡಿದು ಬಾಗಿಲಲ್ಲಿ ನಿಂತ ರೀತಿಗೆ ನನ್ನ ಬೆನ್ನೂ ನೆಟ್ಟಗಾಯಿತು. ಅಷ್ಟರಲ್ಲಿ ಒಳಮನೆಯಿಂದ ಅವಳ ಪುಟ್ಟ ತಮ್ಮ ಓಡಿಬಂದು ಅವಳ ನಿಲುವಂಗಿಯ ಅಂಚು ಹಿಡಿದ.

"ಆನೆಯೇ!" ಎಂದ.

ನಾವು ಮೂವರೂ ಒಟ್ಟಿಗೆ ಬೆಚ್ಚಿದೆವು. ಕೋಣೆಯಲ್ಲಿ ಆನೆಯಿರಲಿಲ್ಲ. ಹುಡುಗ ಮತ್ತೆ ಅದನ್ನೇ ಕೂಗಿದ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬಂತು. ರವಿ ಚಿತ್ರವನ್ನು ನಿಲ್ಲಿಸಿ, ಎದ್ದು ಟಿವಿಯ ಹತ್ತಿರ ಹೋಗಿ ಓದಿದ.

"ಅಕ್ಕ ಅಂತ ಹಾಕಿದ್ದಾರೆ ಚಿಕ್ಕಮ್ಮ."

ಆಮೇಲೆ ರವಿಗೆ ಏನೋ ಹೊಳೆದು ನನ್ನ ಕಡೆ ತಿರುಗಿದ. "ಹಂಗಾದ್ರೆ ಹುಟ್ಟಿದಾಗಿಂದ ನಿನ್ನ ಮರ್ಯಾದೆ ಕೊಟ್ಟೇ ಕರೀತಿದ್ದೀನಿ ಬಿಡು." ನಾನು ದಿಂಬು ಎಸೆದೆ. ಚಿಕ್ಕಮ್ಮನಿಗೆ ನಗು ಬರಲಿಲ್ಲ. "ಯಾರೋ ಬರೆದಿರೋ ಇಂಗ್ಲಿಷು. ತಪ್ಪಿರಬಹುದು. ಗೊತ್ತಿರೋರನ್ನ ಕೇಳ್ಬೇಕು" ಎಂದರು.

ಗೊತ್ತಿರುವವರು ಎಲ್ಲಿ ಸಿಗುತ್ತಾರೆಂದು ರವಿಗೆ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹಳೇಬೀಡಿಗೆ ಹೊರಟ. ಚಳಿಗಾಲದ ಭಾನುವಾರ ಅಲ್ಲಿ ಜಪಾನಿನವರು ಇಲ್ಲದಿದ್ದರೆ ತನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದ. ಹೆಸರು ಬದಲಾಯಿಸುವ ಪ್ರಮೇಯ ಬರಲಿಲ್ಲ. ದೇವಸ್ಥಾನದ ಹಿಂಬದಿಯ ಗೋಡೆಯ ಹತ್ತಿರ ಟೊಪ್ಪಿಗೆ ಹಾಕಿಕೊಂಡ ಇಬ್ಬರು ಜಪಾನಿ ಹೆಂಗಸರು ಕೆತ್ತನೆಯ ಫೋಟೊ ತೆಗೆಯುತ್ತಿದ್ದರು. ಒಬ್ಬಾಕೆಯ ಕೂದಲು ನೆರೆತಿತ್ತು, ಇನ್ನೊಬ್ಬಾಕೆ ಸ್ವಲ್ಪ ಚಿಕ್ಕವಳು.

ಗೋಡೆಯ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳು, ಒಂದರ ಹಿಂದೊಂದು, ದೇವಸ್ಥಾನವನ್ನು ಸುತ್ತುವರಿದು ನಿಂತಿವೆ. ಚಿಕ್ಕಮ್ಮ ನೇರವಾಗಿ ಹೋದರು, ಸೀರೆ ಒತ್ತಿಕೊಂಡು ಕುಕ್ಕರುಗಾಲಲ್ಲಿ ಕೂತು ಒಂದು ಆನೆಯ ಮೇಲೆ ಬೆರಳಿಟ್ಟು, ಆ ಚಿಕ್ಕ ಹೆಂಗಸಿನ ಮುಖ ನೋಡಿ, "ಆನೆಯೇ?" ಎಂದು ಕೇಳಿದರು.

ಆಕೆ ತಬ್ಬಿಬ್ಬಾಗಿ ಅಲ್ಲವೆಂದು ತಲೆಯಾಡಿಸಿದಳು. ಆನೆಯನ್ನು ತೋರಿಸಿ, "ಝೋ" ಎಂದಳು. ಅರ್ಥವಾಗಲಿಲ್ಲವೇನೋ ಎಂದು ಮೂಗಿಗೆ ತೋಳು ಹಿಡಿದು ಸೊಂಡಿಲು ಮಾಡಿ ತೋರಿಸಿ ಮತ್ತೆ, "ಝೋ" ಎಂದಳು.

ಚಿಕ್ಕಮ್ಮ ಎದ್ದು ನಿಂತರು. ಈ ಸಲ ಅವರು ಕೆಂಚನ ದನಿಯಲ್ಲಿ, ಅವನು ಕೂಗುತ್ತಿದ್ದ ಹಾಗೆಯೇ, ಕೊನೆಯನ್ನು ಎಳೆದು ಕೂಗಿದರು. ಅತ್ತ ಕಡೆ ಗೈಡು ಮಾತು ನಿಲ್ಲಿಸಿ ತಿರುಗಿ ನೋಡಿದ. ಆ ಹೆಂಗಸು ಒಂದು ಕ್ಷಣ ಬಾಯಿ ತೆರೆದು ನಿಂತವಳು ಕಿಲಕಿಲ ನಕ್ಕು, ಪಕ್ಕದಲ್ಲಿದ್ದ ನರೆಗೂದಲಿನಾಕೆಯ ಕೈ ಹಿಡಿದೆಳೆದು ನಮ್ಮ ಮುಂದೆ ನಿಲ್ಲಿಸಿದಳು. ಅವಳನ್ನು ತೋರಿಸಿ ತನ್ನ ಎದೆ ಮುಟ್ಟಿಕೊಂಡು ಅದೇ ಪದ ಹೇಳಿ, ತಮಾಷೆಗೆ ನಡು ಬಗ್ಗಿಸಿ ನಮಸ್ಕರಿಸಿದಳು. ರವಿ ತನ್ನ ಪ್ರವಾಸಿ ಇಂಗ್ಲಿಷಿನಲ್ಲಿ ಕೆದಕಿ ಕೇಳಿದ. ಹಿಂದಿನ ಕಾಲದ ದೊಡ್ಡ ಮನೆತನಗಳಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಿದ್ದರಂತೆ. ಈಗ ಯಾರೂ ಕರೆಯುವುದಿಲ್ಲವಂತೆ. ಇವರಿಬ್ಬರೂ ಅಕ್ಕತಂಗಿಯರು.

ಅರಸೀಕೆರೆಗೆ ವಾಪಸು ಬರುವಾಗ ಕಾರಿನಲ್ಲಿ ಜಗಳ ಹತ್ತಿತು. "ಇದನ್ನ ಯಾರಿಗೂ ಹೇಳೋದೇ ಬೇಡ ಚಿಕ್ಕಮ್ಮ" ಎಂದೆ ನಾನು. "ಊರಿಗೆ ಊರೇ ಆ ಆನೇನ ಪ್ರೀತಿಸಿದೆ. ಇವತ್ತು ಆನೆ ಇರಲೇ ಇಲ್ಲ ಅಂದ್ರೆ ಯಾರು ವೋಟು ಹಾಕ್ತಾರೆ? ಹೇಳಿದಂಗೇ ಹೇಳಿ, ಗೆದ್ದುಬಿಡಿ."

ರವಿ ನನ್ನ ಪರವಾಗಿ ಮಾತಾಡಬೇಕೆಂದೇನೂ ಇರಲಿಲ್ಲ. ವಿರುದ್ಧವಾಗಿ ಆಡಿದರೆ ಅವನಿಗೇ ಲಾಭವಿತ್ತು. ಆದರೆ ಅವನ ದನಿಯಲ್ಲಿ ಗೆಲ್ಲುವವನ ಸೊಕ್ಕಿರಲಿಲ್ಲ. "ಇಂದು, ಆ ಬಟ್ಟೆ ಒಗೆಯೋಳು ಯಾರು ಅಂತ ಯೋಚನೆ ಮಾಡಿದ್ಯಾ?" ಎಂದ. "ಅವಳೇ ಕಣೇ ಅಕ್ಕ. ಕೊನೆನೇ ಇಲ್ಲ ಅಂತ ನಾನು ಬೈತಿದ್ನಲ್ಲ, ಕೊನೆ ಇತ್ತು. ಅವನಿಗೆ ಸಿಕ್ಕಿದ್ಲು. ನಮಗೇ ಗೊತ್ತಾಗಲಿಲ್ಲ. ಅದನ್ನ ಮುಚ್ಚಿಡೋದು ಆ ಹುಡುಗನಿಗೆ ಮಾಡೋ ಅನ್ಯಾಯ." ಅಷ್ಟು ಹೇಳಿ ಗೇರು ಬದಲಾಯಿಸಿದ. ನಾನು ಜಗಳ ಕೈಬಿಟ್ಟೆ. ನನ್ನ ಜೀವನದಲ್ಲಿ ಅಂಥ ಘಟನೆ ಅಪರೂಪ.

ಚಿಕ್ಕಮ್ಮ ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಿದ್ದರು. ಜಾವಗಲ್ಲಿನಲ್ಲಿ ಕಾರು ನಿಲ್ಲಿಸಿ ಇಡ್ಲಿ ತಿಂದೆವು. ಚಿಕ್ಕಮ್ಮ ಕೈ ತೊಳೆದು ಬಂದು, "ನಾನು ಟೀಚರು ಕಣ್ರೋ. ತಪ್ಪು ಹೇಳಿಕೊಟ್ಟಿದ್ರೆ ಬೋರ್ಡಿನ ಮೇಲೇ ಅಳಿಸಿ ಬರೀಬೇಕು" ಎಂದಷ್ಟೇ ಹೇಳಿದರು. ನನಗೆ ಅಳು ಬರುವಂತಾಯಿತು. ಗೆಲುವು ಕೈಯಲ್ಲಿದ್ದಾಗ ಅದನ್ನು ಹೊಳೆಗೆ ಎಸೆಯುತ್ತಿದ್ದಾರಲ್ಲ ಎಂದು ಸಿಟ್ಟೂ ಬಂತು.

ಸಂಜೆ ಷಡಕ್ಷರಪ್ಪನವರ ಆಫೀಸಿನ ಒಳಕೋಣೆಯಲ್ಲಿ ಚಿಕ್ಕಮ್ಮ ಮೈಕಿನ ಮುಂದೆ ಕೂತರು. ರವಿ ಕ್ಯಾಸೆಟ್ಟು ಹಾಕಿದ. ಷಡಕ್ಷರಪ್ಪನವರು ಹೊರಕೋಣೆಯಲ್ಲಿ ಟಿವಿ ಹಚ್ಚಿಕೊಂಡು, ವೋಟಿನ ಫೋನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ಚಿತ್ರ ಮಾಸಿತ್ತು, ಅಂಚಿನಲ್ಲಿ ಗೆರೆ ಓಡುತ್ತಿತ್ತು. ಆದರೂ ಕೆಂಚ ಗುಡ್ಡದ ತುದಿಯಲ್ಲಿ ಒಬ್ಬನೇ ನಿಂತದ್ದನ್ನು ಕಂಡಾಗ ನಾನು ಮೊದಲಿನಂತೆಯೇ ತೆರೆಯ ಹತ್ತಿರಕ್ಕೆ ಜರುಗಿದೆ. ಅವನ ಸುತ್ತ ಏನೂ ಇರಲಿಲ್ಲ, ಬರೀ ಖಾಲಿ ಕಾಗದ. ಅಷ್ಟು ಖಾಲಿ ಬಿಡುವ ಧೈರ್ಯ ಹೊಸಬರಿಗೆ ಇಲ್ಲ. ಇವತ್ತಿಗೂ ನನ್ನ ತೀರ್ಮಾನ ಅದೇ.

ಚಿಕ್ಕಮ್ಮ ಎಂದಿನಂತೆ ಹೇಳುತ್ತ ಹೋದರು. ಬದಲಾಗಿದ್ದು ಒಂದೇ. ಮೊದಲೆಲ್ಲ ಹುಡುಗ ಕೂಗಿದಾಗ ಅವರೂ ಜೊತೆಗೆ ಕೂಗುತ್ತಿದ್ದರು, ಇವತ್ತು ಸುಮ್ಮನಿದ್ದು ಅವನ ದನಿಯನ್ನೇ ಹೋಗಬಿಟ್ಟರು. ಹೊಳೆ ಬಂತು. ಬಟ್ಟೆ ಒಗೆಯುವ ಹೆಂಗಸು ಬಂದಳು. ಹುಡುಗ ನಿಂತ, ನೋಡಿದ, ಕೂಗಿದ. ಅವಳು ತಿರುಗಿದಳು. ಅವಳ ಕೈಯಲ್ಲಿದ್ದ ಬಟ್ಟೆ ನೀರಿನಲ್ಲಿ ತೇಲಿಹೋಯಿತು.

ಚಿಕ್ಕಮ್ಮ ಮೈಕನ್ನು ಹತ್ತಿರಕ್ಕೆಳೆದುಕೊಂಡರು. "ಮಕ್ಕಳೇ, ಈಗ ದೊಡ್ಡೋರಾಗಿರೋ ಮಕ್ಕಳೇ. ಇವನು ಹುಡುಕ್ತಿದ್ದಿದ್ದು ಆನೇನ ಅಲ್ಲ. ನನ್ನ ಕಿವಿಗೆ ಹಾಗೆ ಕೇಳಿಸ್ತು, ನಿಮಗೂ ಹಾಗೇ ಹೇಳ್ದೆ. ಅವರ ಭಾಷೇಲಿ ಅದು ಅಕ್ಕ ಅಂತ. ಇವನ ಅಕ್ಕನ್ನ ಯಾರೋ ಕರ್ಕೊಂಡು ಹೋಗಿದ್ರು. ಇವಳೇ ನೋಡಿ. ಸಿಕ್ಕಿದ್ಲು."

ಆಮೇಲೆ ಹುಡುಗ ಇನ್ನೊಮ್ಮೆ ಬಾಯಿ ತೆರೆದಾಗ ರವಿ ಕೈ ಚಾಚಿ ಕ್ಯಾಸೆಟ್ಟಿನ ಸದ್ದು ತಗ್ಗಿಸಿದ. ಚಿಕ್ಕಮ್ಮ ಕೆಂಚನ ದನಿಯಲ್ಲಿ ಕೂಗಿದರು: "ಅಕ್ಕಾ!"

ಅವರಿಬ್ಬರೂ ಯಾಕೆ ಅಷ್ಟು ಅತ್ತರೆಂದು ಅರಸೀಕೆರೆಗೆ ಎಂಟು ವರ್ಷದ ಮೇಲೆ ಅರ್ಥವಾಯಿತು. ನಾನು ಅತ್ತೆ. ರವಿ ವಿಸಿಆರಿನ ಬಟನ್ನುಗಳನ್ನು ಒರೆಸುತ್ತ ಮುಖ ಆ ಕಡೆ ತಿರುಗಿಸಿಕೊಂಡ.

ತೆರೆಯ ಮೇಲೆ ವೋಟಿನ ನಂಬರು ಬಂತು. ನಾವು ಕಿವಿಗೊಟ್ಟು ಕೂತೆವು. ಹೊರಕೋಣೆಯ ಫೋನು ಒಂದು ಸಲವೂ ಬಡಿದುಕೊಳ್ಳಲಿಲ್ಲ. ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಆನೆ ಹೋಯ್ತು ಅಂತ ಬೇಜಾರಾಗಿರ್ಬೇಕು" ಎಂದರು, ನಗುವ ಪ್ರಯತ್ನ ಮಾಡುತ್ತ. ನನಗಿಂತ ಮುಂಚೆ ರವಿಗೇ ತಡೆಯಲಾಗಲಿಲ್ಲ. "ಹೋಗಿ ನೋಡೇ, ಫೋನು ಕೆಟ್ಟಿದ್ಯೋ ಏನೋ" ಎಂದು ನನ್ನನ್ನು ತಳ್ಳಿದ.

ನಾನು ಸರ್ರನೆ ಹೊರಕೋಣೆಗೆ ಹೋದೆ. ಫೋನು ಕೆಟ್ಟಿರಲಿಲ್ಲ. ಷಡಕ್ಷರಪ್ಪನವರು ಅದನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. "ನಾನು ಕಣಕ್ಕಾ, ಷಡಕ್ಷರಿ... ಇಡಬ್ಯಾಡ ಕಣಕ್ಕಾ ಫೋನ... ಮೊಬೈಲಿಂದ ಮಾಡಿದ್ರೆ ನನ್ನ ನಂಬರ್ ಕಂಡು ನೀನು ಎತ್ತಲ್ಲ ಅಂತ ಇದ್ರಿಂದ ಮಾಡ್ದೆ..." ಎನ್ನುತ್ತಿದ್ದರು. ಜಾವಗಲ್ಲಿನಲ್ಲಿ ಅವರ ಅಕ್ಕ ರುದ್ರಮ್ಮ ಇದ್ದಾರೆ. ತೋಟದ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು ಎಂದು ಊರಿಗೆಲ್ಲ ಗೊತ್ತು. ಅತ್ತ ಕಡೆಯವರು ಏನೆಂದರೋ, ಈ ದೊಡ್ಡ ಮನುಷ್ಯರು ಗೋಡೆಗೆ ಹಣೆಯೊತ್ತಿ, "ಊಟ ಆಯ್ತಾ?" ಎಂದು ಮಾತ್ರ ಕೇಳಿದರು. ನನ್ನ ಕಡೆ ನೋಡದೆಯೇ ಕೈ ಬೀಸಿ ಹೋಗು ಎಂದರು.

ಬೇರೆ ದಿನವಾಗಿದ್ದರೆ ಆ ಫೋನು ಕಸಿದುಕೊಳ್ಳುತ್ತಿದ್ದೆ. ಅವತ್ತು ಬಾಗಿಲು ಮುಂದಕ್ಕೆಳೆದು ಒಳಗೆ ಬಂದೆ.

"ಫೋನು ಖಾಲಿ ಇಲ್ಲ" ಎಂದೆ. "ಷಡಕ್ಷರಪ್ಪನೋರು ಮಾತಾಡ್ತಿದ್ದಾರೆ."

"ಇಷ್ಟೊತ್ತಲ್ಲಾ? ಯಾರ ಜೊತೆ?" ರವಿ ಕೆರಳಿದ. "ಜನ ವೋಟು ಹೆಂಗ್ ಹಾಕ್ಬೇಕು?"

"ಅವರ ಅಕ್ಕನ ಜೊತೆ."

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಕೈ ಚಾಚಿ ಮೈಕು ಆರಿಸಿದರು.

"ವೋಟು ಬಿತ್ತು ಬಿಡ್ರೋ" ಎಂದರು.